ಹಲ್ಲಿನ ಕ್ಯಾಪ್ ಉಳಿಸುವ ರಾತ್ರಿಯ ಕವಚ: ಕಂಪ್ಯೂಟರ್ ಅಳತೆಯ ಸ್ಪ್ಲಿಂಟ್ ಬಗ್ಗೆ ರೋಗಿಗಳಿಗೆ ತಿಳಿವಳಿಕೆ





ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಇಂದು ಹಾಳಾದ ಹಲ್ಲನ್ನು ಕೀಳದೆ ಉಳಿಸಿಕೊಳ್ಳಬಹುದು. ಹುಳುಕನ್ನು ತೆಗೆದು ಸಿಮೆಂಟ್ ತುಂಬಬಹುದು, ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಬಹುದು, ಹೋದ ಹಲ್ಲಿನ ಜಾಗಕ್ಕೆ ಬ್ರಿಜ್ ಅಥವಾ ಇಂಪ್ಲಾಂಟ್ ಕೂರಿಸಬಹುದು. ಆದರೆ ಇಷ್ಟೆಲ್ಲ ಹಣ ಮತ್ತು ಸಮಯ ಕೊಟ್ಟು ಮಾಡಿಸಿಕೊಂಡ ಕ್ಯಾಪ್ ಕೆಲವರಲ್ಲಿ ಬೇಗನೆ ಒಡೆಯುತ್ತದೆ ಅಥವಾ ಪದೇ ಪದೇ ಕಳಚಿ ಬರುತ್ತದೆ. ಕ್ಯಾಪ್ ಚೆನ್ನಾಗಿರಲಿಲ್ಲ ಎಂದು ಬೇಸರವಾಗುವುದು ಸಹಜ. ಅನೇಕ ಸಲ ಕಾರಣ ಬೇರೆಯೇ ಇರುತ್ತದೆ. ರಾತ್ರಿ ನಿದ್ದೆಯಲ್ಲಿ ನಮಗೆ ಅರಿವಿಲ್ಲದಂತೆ ನಾವು ಹಲ್ಲು ಕಡಿಯುತ್ತಿರುತ್ತೇವೆ. ಇದರಿಂದ ಹಲ್ಲನ್ನೂ ಕ್ಯಾಪನ್ನೂ ಕಾಪಾಡುವ ಒಂದು ಸರಳ ಸಾಧನದ ಪರಿಚಯ ಈ ಲೇಖನದಲ್ಲಿದೆ.

ಒಂದು ಉದಾಹರಣೆ

ದಕ್ಷಿಣ ಕನ್ನಡದ ಸುಳ್ಯ ತಾಲ್ಲೂಕಿನಲ್ಲಿ, ಕೇರಳದ ಗಡಿಗೆ ತಾಗಿಕೊಂಡಂತೆ ಆಲೆಟ್ಟಿ ಗ್ರಾಮವಿದೆ. ಅಡಿಕೆ, ತೆಂಗು, ರಬ್ಬರ್ ಅಲ್ಲಿನ ಜೀವನಾಧಾರ. ಅಲ್ಲಿನ ಐವತ್ತು ವರ್ಷದ ಕೃಷಿಕರೊಬ್ಬರು ನಮ್ಮ ಮುಂದೆ ಕುಳಿತಿದ್ದಾರೆ ಎಂದು ಭಾವಿಸಿ. ಎರಡು ದವಡೆ ಹಲ್ಲುಗಳಿಗೆ ರೂಟ್ ಕೆನಾಲ್ ಆಗಿದೆ, ಪಿಂಗಾಣಿ ಕ್ಯಾಪ್ ಹಾಕಿಸಿದ್ದಾರೆ. ಅಡಿಕೆ ಮಾರಿದ ಹಣದಲ್ಲಿ ಒಂದು ಪಾಲು ಅದಕ್ಕೇ ಹೋಗಿದೆ. ವರ್ಷ ತುಂಬುವುದರೊಳಗೆ ಒಂದು ಕ್ಯಾಪಿನ ಅಂಚು ಚಕ್ಕೆಯಾಗಿ ಹಾರಿದೆ. ಗಟ್ಟಿಯಾದದ್ದೇನನ್ನೂ ಕಚ್ಚಿಲ್ಲ ಎಂದು ಅವರು ಹೇಳುತ್ತಾರೆ. ಅದು ನಿಜವೇ.

ಜೊತೆಗೆ ಬಂದ ಮನೆಯವರನ್ನು ವಿಚಾರಿಸಿದಾಗ ವಿಷಯ ತಿಳಿಯುತ್ತದೆ. "ರಾತ್ರಿ ಹಲ್ಲು ಕಟಕಟ ಅಂತ ಕಡಿಯುತ್ತಾರೆ. ತೋಟಕ್ಕೆ ಹಳದಿ ಎಲೆ ರೋಗ ಬಂದಾಗಿನಿಂದ ಜಾಸ್ತಿಯಾಗಿದೆ." ಇಂಥವರಿಗೆ ಹೊಸ ಕ್ಯಾಪ್ ಮಾತ್ರ ಹಾಕಿ ಕಳುಹಿಸಿದರೆ ಅದಕ್ಕೂ ಅದೇ ಗತಿ ಬರಬಹುದು. ಕ್ಯಾಪಿನ ಜೊತೆಗೆ ಅದನ್ನು ಕಾಯುವ ಉಪಾಯವೂ ಬೇಕಾಗುತ್ತದೆ.

ಹಲ್ಲು ಕಡಿಯುವುದು ಎಂದರೇನು?

ವೈದ್ಯರು ಇದನ್ನು ಬ್ರಕ್ಸಿಸಂ ಎನ್ನುತ್ತಾರೆ. ಇದರಲ್ಲಿ ಎರಡು ಬಗೆ. ಎಚ್ಚರವಿರುವಾಗ, ಚಿಂತೆಯಲ್ಲಿರುವಾಗ ಅಥವಾ ಏಕಾಗ್ರತೆಯಿಂದ ಕೆಲಸ ಮಾಡುವಾಗ ಹಲ್ಲುಗಳನ್ನು ಬಿಗಿಯಾಗಿ ಒತ್ತಿ ಹಿಡಿಯುವುದು ಒಂದು. ನಿದ್ದೆಯಲ್ಲಿ ಹಲ್ಲು ಮಸೆಯುವುದು ಇನ್ನೊಂದು. ಎರಡನೆಯದನ್ನು ನಡೆಸುವುದು ಮೆದುಳು. ನಿದ್ದೆ ಸ್ವಲ್ಪ ಹಗುರವಾಗುವ ಕ್ಷಣಗಳಲ್ಲಿ ದವಡೆಯ ಸ್ನಾಯುಗಳು ತಾವಾಗಿ ಬಿಗಿದುಕೊಳ್ಳುತ್ತವೆ. ಆದ್ದರಿಂದ ಇದು ಕೆಟ್ಟ ಚಟವಲ್ಲ. ಬೈದು ಬಿಡಿಸಲು ಆಗುವುದಿಲ್ಲ.

ಮಕ್ಕಳು ನಿದ್ದೆಯಲ್ಲಿ ಹಲ್ಲು ಕಡಿದರೆ ಹೊಟ್ಟೆಯಲ್ಲಿ ಹುಳುವಿದೆ ಎಂಬ ನಂಬಿಕೆ ನಮ್ಮಲ್ಲಿದೆ. ಹಲ್ಲು ಕಡಿದ ಮಾತ್ರಕ್ಕೆ ಹುಳುವಿದೆ ಎಂದು ಹೇಳಲು ಬರುವುದಿಲ್ಲ. ಮಕ್ಕಳಲ್ಲಿ ಇದು ಸಾಮಾನ್ಯ, ಬೆಳೆಯುತ್ತಾ ಅನೇಕರಲ್ಲಿ ತಾನಾಗಿ ಕಡಿಮೆಯಾಗುತ್ತದೆ. ದೊಡ್ಡವರಲ್ಲಿ ಮಾನಸಿಕ ಒತ್ತಡ, ಮದ್ಯಪಾನ, ಧೂಮಪಾನ, ಅತಿಯಾದ ಕಾಫಿ, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು ಮತ್ತು ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇವು ಹಲ್ಲು ಕಡಿಯುವುದರ ಜೊತೆಯಲ್ಲಿ ಕಂಡುಬರುತ್ತವೆ. ಮಾತ್ರೆ ಕಾರಣವಿರಬಹುದು ಎಂದು ಯಾರೂ ತಾವಾಗಿ ಅದನ್ನು ನಿಲ್ಲಿಸಬಾರದು. ಬರೆದುಕೊಟ್ಟ ವೈದ್ಯರೊಡನೆ ಮಾತನಾಡಿ.

ಚಿಕಿತ್ಸೆಯಾದ ಹಲ್ಲಿಗೆ ಅಪಾಯ ಏಕೆ ಹೆಚ್ಚು?

ಊಟ ಮಾಡುವಾಗ ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ ಅನ್ನ, ರೊಟ್ಟಿ ಇರುತ್ತದೆ. ಹಲ್ಲಿಗೆ ಹಲ್ಲು ತಾಗುವುದು ಕ್ಷಣಮಾತ್ರ. ದಿನದ ಎಲ್ಲ ಊಟ ಸೇರಿಸಿದರೂ ಅದು ಕೆಲವೇ ನಿಮಿಷ. ನಿದ್ದೆಯಲ್ಲಿ ಕಡಿಯುವಾಗ ನಡುವೆ ಏನೂ ಇರುವುದಿಲ್ಲ. ಎಚ್ಚರವಿರುವಾಗ ನೋವಿನ ಭಯದಿಂದ ನಾವು ತಡೆದುಕೊಳ್ಳುತ್ತೇವೆ. ನಿದ್ದೆಯಲ್ಲಿ ಆ ತಡೆ ಸಡಿಲವಾಗುತ್ತದೆ. ಜೊತೆಗೆ ದವಡೆ ಪಕ್ಕಕ್ಕೆ ಜರುಗಿ ಅಡ್ಡಬಲ ಬೀಳುತ್ತದೆ. ಕಂಬದ ಮೇಲೆ ಭಾರ ಇಟ್ಟರೆ ಅದು ತಾಳುತ್ತದೆ, ಪಕ್ಕದಿಂದ ನೂಕುತ್ತಾ ಇದ್ದರೆ ಅಲುಗುತ್ತದೆ. ಹಲ್ಲಿನದೂ ಹಾಗೆಯೇ.

• ರೂಟ್ ಕೆನಾಲ್ ಆದ ಹಲ್ಲಿನಲ್ಲಿ ಮೂಲ ಹಲ್ಲಿನ ಭಾಗ ಕಡಿಮೆ ಉಳಿದಿರುತ್ತದೆ. ಆದ್ದರಿಂದ ಬಿರುಕು ಬಿಡುವ ಸಂಭವ ಹೆಚ್ಚು.
• ಲೋಹದ ಮೇಲೆ ಪಿಂಗಾಣಿ ಕೂರಿಸಿದ ಕ್ಯಾಪಿನಲ್ಲಿ ಪಿಂಗಾಣಿ ಚಕ್ಕೆಯಾಗಿ ಹಾರಬಹುದು.
• ಜಿರ್ಕೋನಿಯ ಕ್ಯಾಪ್ ಬಹಳ ಗಟ್ಟಿ. ಆದರೆ ಅದರ ಮೇಲ್ಮೈ ನುಣುಪು ಕಳೆದುಕೊಂಡು ಒರಟಾದರೆ ಎದುರಿನ ಸ್ವಂತ ಹಲ್ಲನ್ನು ಸವೆಸಬಹುದು.
• ಹಲ್ಲಿನ ಬಣ್ಣದ ಕಾಂಪೋಸಿಟ್ ತುಂಬಿದ ಕಡೆ ಸವೆತ ಮತ್ತು ಅಂಚಿನಲ್ಲಿ ಬಿರುಕು ಕಾಣಿಸಬಹುದು.
• ಸ್ವಂತ ಹಲ್ಲಿನ ಬೇರಿನ ಸುತ್ತ ತೆಳುವಾದ ನಾರಿನ ಪದರವಿದ್ದು, ಅದು ಒತ್ತಡವನ್ನು ಮೆದುಳಿಗೆ ತಿಳಿಸುತ್ತದೆ. ಇಂಪ್ಲಾಂಟ್ ನೇರವಾಗಿ ಮೂಳೆಗೆ ಅಂಟಿಕೊಂಡಿರುತ್ತದೆ. ಅಲ್ಲಿ ಆ ಮೆತ್ತೆಯೂ ಇಲ್ಲ, ಎಚ್ಚರಿಕೆಯ ಗಂಟೆಯೂ ಇಲ್ಲ.

ಈ ಲಕ್ಷಣಗಳು ನಿಮ್ಮಲ್ಲಿವೆಯೇ?

1. ಬೆಳಿಗ್ಗೆ ಏಳುವಾಗ ದವಡೆ ದಣಿದಂತೆ ಅಥವಾ ಬಿಗಿದಂತೆ ಇರುವುದು, ಕಪೋಲ ಮತ್ತು ಕಣತಲೆಯಲ್ಲಿ ನೋವು.
2. ಹಲ್ಲಿನ ತುದಿಗಳು ಸವೆದು ಚಪ್ಪಟೆಯಾಗಿರುವುದು.
3. ತಣ್ಣೀರು ಕುಡಿದರೆ ಹಲವು ಹಲ್ಲುಗಳು ಒಟ್ಟಿಗೆ ಜುಂ ಎನ್ನುವುದು.
4. ಕ್ಯಾಪ್ ಅಥವಾ ಸಿಮೆಂಟ್ ಮೇಲಿಂದ ಮೇಲೆ ಬಿದ್ದುಹೋಗುವುದು, ಒಡೆಯುವುದು.
5. ನಾಲಗೆಯ ಅಂಚಿನಲ್ಲಿ ಹಲ್ಲಿನ ಗುರುತು, ಕೆನ್ನೆಯ ಒಳಗೆ ಬಿಳಿ ಗೆರೆ.
6. ಕಿವಿಯ ಮುಂದಿನ ಕೀಲಿನಲ್ಲಿ ಕಟಕಟ ಸದ್ದು ಅಥವಾ ನೋವು.

ಇವುಗಳಲ್ಲಿ ಒಂದೆರಡು ಇದ್ದ ಮಾತ್ರಕ್ಕೆ ಹಲ್ಲು ಕಡಿಯುತ್ತೀರಿ ಎಂದು ತೀರ್ಮಾನಿಸಬೇಡಿ. ಹುಳಿ ಪದಾರ್ಥ, ಸೋಡಾ ಪಾನೀಯ ಮತ್ತು ಹುಳಿತೇಗಿನಿಂದಲೂ ಹಲ್ಲು ಸವೆಯುತ್ತದೆ. ಆ ಸವೆತಕ್ಕೆ ಚಿಕಿತ್ಸೆಯೇ ಬೇರೆ.

ಬಂಧುಗಳಿಗೆ ಒಂದು ಮಾತು: ರೋಗಿಗೆ ತನ್ನ ಹಲ್ಲಿನ ಸದ್ದು ಕೇಳಿಸುವುದಿಲ್ಲ, ಪಕ್ಕದಲ್ಲಿ ಮಲಗಿದ ನಿಮಗೆ ಕೇಳಿಸುತ್ತದೆ. ವಾರದಲ್ಲಿ ಎಷ್ಟು ರಾತ್ರಿ ಸದ್ದು ಬಂತು, ಗೊರಕೆ ಇದೆಯೇ, ಗೊರಕೆಯ ನಡುವೆ ಉಸಿರು ನಿಂತಂತಾಗುತ್ತದೆಯೇ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ತನ್ನಿ. ಆ ಚೀಟಿಯಿಂದ ವೈದ್ಯರಿಗೆ ಬಹಳ ಸಹಾಯವಾಗುತ್ತದೆ. ಆದರೆ ಸದ್ದು ಕೇಳಿದಾಗಲೆಲ್ಲ ತಟ್ಟಿ ಎಬ್ಬಿಸಬೇಡಿ.

ಸ್ಪ್ಲಿಂಟ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಸ್ಪ್ಲಿಂಟ್ ಎಂದರೆ ಮೇಲಿನ ಅಥವಾ ಕೆಳಗಿನ ಸಾಲಿನ ಎಲ್ಲ ಹಲ್ಲುಗಳ ಮೇಲೆ ಕೂರುವ, ಪಾರದರ್ಶಕವಾದ ಗಟ್ಟಿ ಪ್ಲಾಸ್ಟಿಕ್ಕಿನ ತಟ್ಟೆ. ಕೆಲವರು ಇದನ್ನು ನೈಟ್ ಗಾರ್ಡ್ ಎಂದೂ ಬೈಟ್ ಪ್ಲೇಟ್ ಎಂದೂ ಕರೆಯುತ್ತಾರೆ. ಕಚ್ಚುವ ಜಾಗದಲ್ಲಿ ಸಾಮಾನ್ಯವಾಗಿ 2ರಿಂದ 3 ಮಿಲಿಮೀಟರ್ ದಪ್ಪವಿರುತ್ತದೆ. ಮಲಗುವಾಗ ಹಾಕಿಕೊಳ್ಳಬೇಕು, ಬೆಳಿಗ್ಗೆ ತೆಗೆಯಬೇಕು.

ಇದು ಮೂರು ಕೆಲಸ ಮಾಡುತ್ತದೆ. ಹಲ್ಲಿಗೆ ಹಲ್ಲು ನೇರವಾಗಿ ತಾಗದಂತೆ ನಡುವೆ ನಿಲ್ಲುತ್ತದೆ. ಒಂದೇ ಕ್ಯಾಪಿನ ಮೇಲೆ ಬೀಳುವ ಭಾರವನ್ನು ಇಡೀ ಸಾಲಿಗೆ ಹಂಚುತ್ತದೆ. ಮೂರನೆಯದಾಗಿ, ಕ್ಯಾಪಿನ ಬದಲು ತಾನು ಸವೆಯುತ್ತದೆ. ಸವೆದ ತಟ್ಟೆಯನ್ನು ಮತ್ತೆ ಮಾಡಿಸಬಹುದು, ಸೀಳಿಹೋದ ಹಲ್ಲಿನ ಬೇರನ್ನು ಸಾಮಾನ್ಯವಾಗಿ ಉಳಿಸಲಾಗದು.

ಇದು ಮಾಡದ ಕೆಲಸವನ್ನೂ ತಿಳಿದಿರಿ. ಸ್ಪ್ಲಿಂಟ್ ಹಲ್ಲು ಕಡಿಯುವುದನ್ನು ಗುಣಪಡಿಸುವುದಿಲ್ಲ. ಹಾಕಿಕೊಂಡ ಮೇಲೂ ಅನೇಕರು ಕಡಿಯುತ್ತಲೇ ಇರುತ್ತಾರೆ, ಆದರೆ ಪೆಟ್ಟು ತಟ್ಟೆಗೆ ಬೀಳುತ್ತದೆ. ಸಡಿಲವಾದ ಕ್ಯಾಪನ್ನಾಗಲಿ ಹುಳುಕು ಹಲ್ಲನ್ನಾಗಲಿ ಇದು ಸರಿಮಾಡುವುದಿಲ್ಲ. ಒಂದು ರಾತ್ರಿ ಹಾಕಿ ನಾಲ್ಕು ರಾತ್ರಿ ಬಿಟ್ಟರೆ ಆ ನಾಲ್ಕು ರಾತ್ರಿ ಕ್ಯಾಪಿಗೆ ರಕ್ಷಣೆಯಿಲ್ಲ.

ಇದು ಹೊಸ ಆಲೋಚನೆಯೇನಲ್ಲ. 1901ರಲ್ಲಿಯೇ ವಿಯೆನ್ನಾದ ಕಾರೋಲಿ ಎಂಬ ವೈದ್ಯರು ರಾತ್ರಿ ಹಲ್ಲು ಕಡಿಯುವುದರ ಬಗ್ಗೆ ಬರೆದಿದ್ದರು. ಹೊಸದಾಗಿರುವುದು ತಯಾರಿಸುವ ವಿಧಾನ.

ಕಂಪ್ಯೂಟರಿನ ಸಹಾಯದಿಂದ ತಯಾರಿಸುವ ಬಗೆ

ಮೊದಲು ಅಳತೆ ತೆಗೆಯಲು ತಟ್ಟೆಯಲ್ಲಿ ಹಿಟ್ಟಿನಂಥ ಪದಾರ್ಥ ತುಂಬಿ ಬಾಯೊಳಗೆ ಒತ್ತಿ ಹಿಡಿಯುತ್ತಿದ್ದರು. ಅನೇಕರಿಗೆ ವಾಕರಿಕೆ ಬರುತ್ತಿತ್ತು. ನಂತರ ಗಾರೆಯ ಅಚ್ಚು, ಅದರ ಮೇಲೆ ಮೇಣ, ಆಮೇಲೆ ಅಕ್ರಿಲಿಕ್. ಈ ವಿಧಾನ ಇಂದಿಗೂ ಇದೆ, ಕುಶಲ ಕೈಯಲ್ಲಿ ಒಳ್ಳೆಯ ಸ್ಪ್ಲಿಂಟೇ ಬರುತ್ತದೆ.

ದಂತ ಚಿಕಿತ್ಸೆಗೆ ಕಂಪ್ಯೂಟರನ್ನು ತರುವ ಪ್ರಯತ್ನವನ್ನು 1970ರ ದಶಕದಲ್ಲಿ ಫ್ರಾನ್ಸಿನ ಫ್ರಾಂಸ್ವಾ ದ್ಯುರೆ ಆರಂಭಿಸಿದರು. 1985ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ವರ್ನರ್ ಮೋರ್ಮನ್ ಅವರು ಯಂತ್ರ ಕೆತ್ತಿದ ಪಿಂಗಾಣಿ ತುಂಬುವಿಕೆಯನ್ನು ರೋಗಿಗೆ ಕೂರಿಸಿದರು. ಪದರದ ಮೇಲೆ ಪದರವಾಗಿ ವಸ್ತು ಮುದ್ರಿಸುವ ವಿಧಾನಕ್ಕೆ ಅಮೆರಿಕದ ಚಕ್ ಹಲ್ ಅವರಿಗೆ 1986ರಲ್ಲಿ ಪೇಟೆಂಟ್ ದೊರೆಯಿತು. ಇಂದು ಇವೆರಡೂ ಸ್ಪ್ಲಿಂಟ್ ಮಾಡಲು ಬಳಕೆಯಾಗುತ್ತವೆ. ಹಂತಗಳು ಹೀಗಿವೆ:

1. ದಪ್ಪ ಪೆನ್ನಿನಂಥ ಚಿಕ್ಕ ಕ್ಯಾಮೆರಾವನ್ನು ಹಲ್ಲುಗಳ ಮೇಲೆ ಆಡಿಸುತ್ತಾರೆ. ಮೇಲಿನ ಸಾಲು, ಕೆಳಗಿನ ಸಾಲು ಮತ್ತು ಎರಡೂ ಕಚ್ಚಿಕೊಂಡ ಭಂಗಿ ಪರದೆಯ ಮೇಲೆ ಮೂಡುತ್ತವೆ. ನೋವಿಲ್ಲ. ಇದು ಎಕ್ಸ್‌ರೇ ಅಲ್ಲ, ಬರೀ ಬೆಳಕು.
2. ದವಡೆಯನ್ನು ಸ್ವಲ್ಪ ತೆರೆದ, ಸ್ನಾಯುಗಳು ಸಡಿಲವಾಗಿರುವ ಸ್ಥಿತಿಯನ್ನೂ ವೈದ್ಯರು ದಾಖಲಿಸುತ್ತಾರೆ. ಈ ಹಂತ ತಪ್ಪಿದರೆ ಯಂತ್ರ ಎಷ್ಟೇ ಒಳ್ಳೆಯದಾದರೂ ಸ್ಪ್ಲಿಂಟ್ ಸರಿಬರುವುದಿಲ್ಲ.
3. ಕಂಪ್ಯೂಟರಿನಲ್ಲಿ ತಟ್ಟೆಯ ಆಕಾರವನ್ನು ಬಿಡಿಸುತ್ತಾರೆ. ಬಾಯಿ ಮುಚ್ಚಿದಾಗ ಎದುರಿನ ಹಲ್ಲುಗಳೆಲ್ಲ ಸಮವಾಗಿ ತಾಗಬೇಕು. ದವಡೆ ಪಕ್ಕಕ್ಕೆ ಜರುಗಿದಾಗ ಕೋರೆಹಲ್ಲಿನ ಕಡೆ ಮಾತ್ರ ತಾಗಿ ಹಿಂದಿನ ಹಲ್ಲುಗಳು ಬಿಟ್ಟುಕೊಳ್ಳಬೇಕು. ಹಾಗಾದರೆ ಹಿಂದಿನ ಕ್ಯಾಪುಗಳ ಮೇಲೆ ಅಡ್ಡಬಲ ಬೀಳದು.
4. ಕೆತ್ತುವ ವಿಧಾನದಲ್ಲಿ, ಕಾರ್ಖಾನೆಯಲ್ಲಿ ಒತ್ತಿ ಗಟ್ಟಿಮಾಡಿದ ಅಕ್ರಿಲಿಕ್ ಬಿಲ್ಲೆಯಿಂದ ಯಂತ್ರವು ಸ್ಪ್ಲಿಂಟನ್ನು ಕಡೆದು ತೆಗೆಯುತ್ತದೆ. ಮುದ್ರಿಸುವ ವಿಧಾನದಲ್ಲಿ, ದ್ರವರೂಪದ ರಾಳವು ಬೆಳಕಿಗೆ ಗಟ್ಟಿಯಾಗುತ್ತಾ ಪದರ ಪದರವಾಗಿ ಬೆಳೆಯುತ್ತದೆ. ಒಂದು ಪದರ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ಅಥವಾ ಅದಕ್ಕೂ ತೆಳು. ಮುದ್ರಿಸಿದ್ದನ್ನು ಆಲ್ಕೋಹಾಲಿನಲ್ಲಿ ತೊಳೆದು ಮತ್ತೊಮ್ಮೆ ಬೆಳಕಿನಲ್ಲಿ ಪೂರ್ಣವಾಗಿ ಗಟ್ಟಿ ಮಾಡಬೇಕು. ಅರೆಬರೆ ಗಟ್ಟಿಯಾದ ರಾಳ ಒಸಡಿಗೆ ಉರಿ ತರಬಹುದು.
5. ಕೊನೆಗೆ ಬಾಯಲ್ಲಿ ಕೂರಿಸಿ, ಬಣ್ಣದ ಕಾಗದ ಕಚ್ಚಿಸಿ, ಗುರುತು ಹೆಚ್ಚಾಗಿ ಬಿದ್ದ ಕಡೆ ಉಜ್ಜಿ ಸಮ ಮಾಡುತ್ತಾರೆ.

ಲಾಭವೇನು, ಮಿತಿಯೇನು?

ವಾಕರಿಕೆಯ ಕಷ್ಟವಿಲ್ಲ. ಹೊಸದಾಗಿ ಕೂರಿಸಿದ ಕ್ಯಾಪ್ ಅಥವಾ ಅಲುಗುವ ಹಲ್ಲನ್ನು ಅಳತೆಯ ಹಿಟ್ಟು ಎಳೆಯುವ ಭಯವಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮ ಹಲ್ಲಿನ ಅಳತೆ ಕಂಪ್ಯೂಟರಿನಲ್ಲಿ ಉಳಿಯುತ್ತದೆ. ಸ್ಪ್ಲಿಂಟ್ ಕಳೆದುಹೋದರೆ ಅಥವಾ ಮುರಿದರೆ, ಹಲ್ಲುಗಳು ಬದಲಾಗಿರದಿದ್ದರೆ ಅದೇ ಅಳತೆಯಿಂದ ಇನ್ನೊಂದನ್ನು ಮಾಡಬಹುದು. ವರ್ಷದ ನಂತರ ಮತ್ತೆ ಸ್ಕ್ಯಾನ್ ಮಾಡಿ ಹೋಲಿಸಿದರೆ ಹಲ್ಲು ಎಷ್ಟು ಸವೆದಿದೆ ಎಂದೂ ತಿಳಿಯುತ್ತದೆ.

ಆದರೆ ಕಂಪ್ಯೂಟರಿನದು ಎಂದ ಮಾತ್ರಕ್ಕೆ ಎಲ್ಲರಿಗೂ ಅದೇ ಬೇಕೆಂದಿಲ್ಲ. ಕೈಯಿಂದ ಮಾಡಿದ ಒಳ್ಳೆಯ ಸ್ಪ್ಲಿಂಟ್ ಕೂಡ ಕ್ಯಾಪನ್ನು ಕಾಯುತ್ತದೆ. ಕೆತ್ತಿದ ಸ್ಪ್ಲಿಂಟ್ ಸಾಮಾನ್ಯವಾಗಿ ಹೆಚ್ಚು ಗಟ್ಟಿ. ಮುದ್ರಿಸಿದ್ದರ ಬಾಳಿಕೆ ಬಳಸಿದ ರಾಳ ಮತ್ತು ಗಟ್ಟಿ ಮಾಡಿದ ರೀತಿಯನ್ನು ಅವಲಂಬಿಸುತ್ತದೆ. ಜೋರಾಗಿ ಹಲ್ಲು ಕಡಿಯುವವರು ಈ ಬಗ್ಗೆ ವೈದ್ಯರನ್ನು ಕೇಳಿ. ಖರ್ಚನ್ನು ಮೊದಲೇ ವಿಚಾರಿಸಿ, ಸಂಕೋಚ ಬೇಡ.

ಯಾವಾಗ ಮಾಡಿಸಬೇಕು?

ಮನೆ ಕಟ್ಟಿ ಮುಗಿದ ಮೇಲೆ ಬಾಗಿಲಿಗೆ ಅಳತೆ ಕೊಡುವಂತೆ, ಎಲ್ಲ ಕ್ಯಾಪ್, ಬ್ರಿಜ್, ಸಿಮೆಂಟ್ ಕೆಲಸ ಮುಗಿದ ಮೇಲೆಯೇ ಸ್ಪ್ಲಿಂಟಿಗೆ ಅಳತೆ ತೆಗೆಯಬೇಕು. ತಾತ್ಕಾಲಿಕ ಕ್ಯಾಪ್ ಇರುವಾಗ ಮಾಡಿದ ಸ್ಪ್ಲಿಂಟ್ ಕಾಯಂ ಕ್ಯಾಪಿನ ಮೇಲೆ ಕೂರುವುದಿಲ್ಲ. ನಂತರ ಹೊಸ ಕ್ಯಾಪ್ ಹಾಕಿಸಿಕೊಂಡರೆ ಹಳೆಯ ಸ್ಪ್ಲಿಂಟನ್ನು ಬಲವಂತವಾಗಿ ಒತ್ತಿ ಹಾಕಬೇಡಿ. ಅದನ್ನು ತಂದು ತೋರಿಸಿ.

ದೂರದಿಂದ ಬರುವವರಿಗೆ

ಸ್ಪ್ಲಿಂಟ್ ಕೊಟ್ಟ ದಿನಕ್ಕೆ ಚಿಕಿತ್ಸೆ ಮುಗಿಯುವುದಿಲ್ಲ. ಒಂದೆರಡು ವಾರದೊಳಗೆ ಒಮ್ಮೆ, ನಂತರ ಒಂದೆರಡು ತಿಂಗಳಲ್ಲಿ ಒಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ ತೋರಿಸಿ ಸರಿಮಾಡಿಸಬೇಕು. ಆಲೆಟ್ಟಿಯಂಥ ಊರಿನಿಂದ ಘಟ್ಟ ಹತ್ತಿ ಬರುವವರಿಗೆ, ಅದರಲ್ಲೂ ಮಳೆಗಾಲದಲ್ಲಿ, ಇದು ಸುಲಭವಲ್ಲ. ರಬ್ಬರ್ ಟ್ಯಾಪಿಂಗ್ ಕೆಲಸದವರಿಗೆ ಒಂದು ದಿನ ಬಿಟ್ಟರೆ ಒಂದು ದಿನದ ಕೂಲಿ ಹೋದಂತೆ.

ಆದ್ದರಿಂದ ಮೊದಲ ದಿನವೇ ನಿಮ್ಮ ಊರಿನ ದೂರವನ್ನು ವೈದ್ಯರಿಗೆ ತಿಳಿಸಿ. ಚಿಕ್ಕಪುಟ್ಟ ಉಜ್ಜುವ ಕೆಲಸವನ್ನು ಹತ್ತಿರದ ದಂತ ವೈದ್ಯರಲ್ಲೂ ಮಾಡಿಸಬಹುದು. ಆ ಭಾಗದವರಿಗೆ ಸುಳ್ಯ ಪೇಟೆಯಲ್ಲಿ ಕುರುಂಜಿ ವೆಂಕಟರಮಣ ಗೌಡರು ಕಟ್ಟಿದ ಕೆ.ವಿ.ಜಿ. ದಂತ ಕಾಲೇಜಿದೆ. ಮಂಗಳೂರಿನಲ್ಲಿ 1987ರಿಂದ ಮಣಿಪಾಲ ಸಂಸ್ಥೆಯ ದಂತ ಕಾಲೇಜಿದೆ. ಮೈಸೂರಿನ ಕಡೆಯವರಿಗೆ ಸುತ್ತೂರು ಮಠದ ಜೆ.ಎಸ್.ಎಸ್. ಮಹಾವಿದ್ಯಾಪೀಠವು 1986ರಲ್ಲಿ ಆರಂಭಿಸಿದ ದಂತ ಕಾಲೇಜಿದೆ. ಎಲ್ಲಿ ಮಾಡಿಸಿದರೂ ಚಿಕಿತ್ಸೆಯ ಚೀಟಿ, ಯಾವ ಹಲ್ಲಿಗೆ ಯಾವ ಕ್ಯಾಪ್ ಎಂಬ ವಿವರ ಮತ್ತು ಸಾಧ್ಯವಾದರೆ ಸ್ಕ್ಯಾನ್ ಕಡತದ ಪ್ರತಿಯನ್ನು ಕೇಳಿ ಪಡೆದುಕೊಳ್ಳಿ.

ಸ್ಪ್ಲಿಂಟ್ ಆರೈಕೆ

• ಹಾಕುವ ಮೊದಲು ಹಲ್ಲುಜ್ಜಿ. ಕೊಳೆಯಿರುವ ಹಲ್ಲಿನ ಮೇಲೆ ರಾತ್ರಿಯಿಡೀ ಮುಚ್ಚಳ ಹಾಕಿದರೆ ಹುಳುಕಿಗೆ ನಾವೇ ದಾರಿ ಮಾಡಿಕೊಟ್ಟಂತೆ.
• ಬೆಳಿಗ್ಗೆ ತೆಗೆದು ತಣ್ಣೀರಿನಲ್ಲಿ ಮೃದುವಾದ ಬ್ರಷ್ ಮತ್ತು ಸ್ವಲ್ಪ ಸೌಮ್ಯ ಸೋಪಿನಿಂದ ತೊಳೆಯಿರಿ. ಟೂತ್‌ಪೇಸ್ಟ್, ಬೂದಿ, ಉಪ್ಪಿನಿಂದ ಉಜ್ಜಿದರೆ ಗೀರು ಬೀಳುತ್ತದೆ.
• ಬಿಸಿನೀರಿಗೆ ಹಾಕಬೇಡಿ, ಕುದಿಸಬೇಡಿ. ಬಚ್ಚಲ ಒಲೆಯ ಬಳಿ, ಬಿಸಿಲಿನಲ್ಲಿ, ವಾಹನದ ಗಾಜಿನ ಹಿಂದೆ ಇಡಬೇಡಿ. ಸ್ವಲ್ಪ ಸೊಟ್ಟಗಾದರೂ ಅದು ಕ್ಯಾಪಿಗೆ ತಪ್ಪು ಕಡೆಯಿಂದ ಒತ್ತುತ್ತದೆ.
• ಗಾಳಿಯಾಡುವ ಡಬ್ಬಿಯಲ್ಲಿಡಿ. ಕಾಗದದಲ್ಲಿ ಸುತ್ತಿಟ್ಟ ಸ್ಪ್ಲಿಂಟ್ ಕಸದ ಜೊತೆ ಹೋಗುವುದುಂಟು. ನಾಯಿಗೆ ಸಿಗದಂತೆ ಎತ್ತರದಲ್ಲಿಡಿ, ಅದಕ್ಕೆ ಇದನ್ನು ಕಚ್ಚುವುದೆಂದರೆ ಇಷ್ಟ.
• ಮೊದಲ ಕೆಲವು ರಾತ್ರಿ ಜೊಲ್ಲು ಹೆಚ್ಚು ಬರಬಹುದು, ಬಿಗಿ ಎನಿಸಬಹುದು. ಇದು ಕ್ರಮೇಣ ಹೋಗುತ್ತದೆ. ಒಂದೇ ಹಲ್ಲಿನಲ್ಲಿ ನೋವು, ಬೆಳಿಗ್ಗೆ ಬಹಳ ಹೊತ್ತು ಹಲ್ಲು ಸರಿಯಾಗಿ ಕೂಡದಿರುವುದು, ಕೀಲುನೋವು ಹೆಚ್ಚಾಗುವುದು ಇವು ಕಂಡರೆ ಬಳಕೆ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಇವರು ಎಚ್ಚರ ವಹಿಸಬೇಕು

ಜೋರು ಗೊರಕೆ, ನಡುವೆ ಉಸಿರು ಕಟ್ಟುವುದು, ಹಗಲು ತೂಕಡಿಕೆ ಇದ್ದವರು ಮೊದಲು ಆ ಪರೀಕ್ಷೆ ಮಾಡಿಸಿಕೊಳ್ಳಬೇಕು. ಕೆಲವರಲ್ಲಿ ಸ್ಪ್ಲಿಂಟಿನಿಂದ ಉಸಿರಿನ ತೊಂದರೆ ಹೆಚ್ಚಾಗಬಹುದು. ಹಲ್ಲು ಬದಲಾಗುತ್ತಿರುವ ಮಕ್ಕಳಿಗೆ ವೈದ್ಯರು ಹೇಳದೆ ಹಾಕಬಾರದು. ಅಂಗಡಿಯಲ್ಲಿ ಸಿಗುವ, ಬಿಸಿನೀರಿನಲ್ಲಿ ಅದ್ದಿ ಕಚ್ಚುವ ಮೆತ್ತನೆಯ ರಬ್ಬರಿನದು ಬೇಡ. ಕೆಲವರು ಅದನ್ನು ಜಗಿಯತೊಡಗುತ್ತಾರೆ, ಕಚ್ಚುವಿಕೆಯೂ ಸಮವಾಗಿರುವುದಿಲ್ಲ. ಮುಂದಿನ ಕೆಲವೇ ಹಲ್ಲುಗಳನ್ನು ಮುಚ್ಚುವ ತಟ್ಟೆಯನ್ನು ವೈದ್ಯರ ನಿಗಾ ಇಲ್ಲದೆ ಬಹಳ ಕಾಲ ಬಳಸಿದರೆ ಉಳಿದ ಹಲ್ಲುಗಳು ಜಾಗ ಬದಲಿಸಬಹುದು.

ಎಲೆ ಅಡಿಕೆಯ ವಿಷಯ

ಅಡಿಕೆ ಆ ಭಾಗದ ಜನರ ಅನ್ನ, ನಮ್ಮ ಶುಭಕಾರ್ಯಗಳ ಗೌರವ. ಆದರೆ ಬೆಳೆಯುವುದು ಬೇರೆ, ದಿನವಿಡೀ ಬಾಯಲ್ಲಿಡುವುದು ಬೇರೆ. ಗಟ್ಟಿ ಅಡಿಕೆ ಜಗಿದರೆ ಹಲ್ಲೂ ಸವೆಯುತ್ತದೆ, ಕ್ಯಾಪಿಗೂ ಪೆಟ್ಟು. ಅದಕ್ಕಿಂತ ದೊಡ್ಡ ಅಪಾಯವೆಂದರೆ, ಕೆನ್ನೆಯ ಒಳಪದರ ನಾರಿನಂತೆ ಬಿಗಿಯುತ್ತಾ ಬಾಯಿ ತೆರೆಯುವುದೇ ಕಡಿಮೆಯಾಗುತ್ತದೆ. ಆಗ ಸ್ಕ್ಯಾನ್ ಮಾಡುವುದೂ ಸ್ಪ್ಲಿಂಟ್ ಹಾಕುವುದೂ ಕಷ್ಟ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಇಲ್ಲದಿದ್ದರೂ ಅಡಿಕೆ ಜಗಿಯುವುದು ಕ್ಯಾನ್ಸರಿಗೆ ಕಾರಣವಾಗುತ್ತದೆ ಎಂದು ತಿಳಿಸಿದೆ. ನಿಮ್ಮ ಮೂರು ಬೆರಳುಗಳನ್ನು ಒಂದರ ಮೇಲೊಂದು ಇಟ್ಟು ಬಾಯಿಗೆ ಹಿಡಿಯಿರಿ. ಮೂರೂ ಹೋಗದಿದ್ದರೆ ಅಥವಾ ಖಾರ ತಾಗಿದರೆ ಕೆನ್ನೆ ಉರಿದರೆ, ಇಂದೇ ವೈದ್ಯರಿಗೆ ಹೇಳಿ.

ಹಗಲಿನ ಅಭ್ಯಾಸ

ರಾತ್ರಿಗೆ ಸ್ಪ್ಲಿಂಟ್ ಇದೆ. ಹಗಲಿಗೆ ನಿಮ್ಮ ಅರಿವೇ ಔಷಧ. ನಿಯಮ ಒಂದೇ: ತುಟಿ ಕೂಡಿರಲಿ, ಹಲ್ಲು ಬಿಟ್ಟಿರಲಿ. ನುಂಗುವಾಗ, ಅಗಿಯುವಾಗ ಬಿಟ್ಟರೆ ಉಳಿದ ಹೊತ್ತು ಹಲ್ಲಿಗೆ ಹಲ್ಲು ತಾಗಬೇಕಾಗಿಲ್ಲ. ಇಷ್ಟಲಿಂಗ ಪೂಜೆಗೆ ಕುಳಿತಾಗ ಭುಜ, ಹುಬ್ಬು ಮತ್ತು ದವಡೆಯನ್ನು ಸಡಿಲ ಬಿಡುವುದನ್ನು ರೂಢಿ ಮಾಡಿಕೊಳ್ಳಿ. ಬೇರೆ ಮತದವರು ತಮ್ಮ ಪ್ರಾರ್ಥನೆಯ ಹೊತ್ತಿನಲ್ಲಿ ಹೀಗೆಯೇ ಮಾಡಬಹುದು. ತೋಟದಲ್ಲಿ ಗೊನೆ ಎಳೆಯುವಾಗ, ಹೊರೆ ಎತ್ತುವಾಗ, ಗಾಡಿ ಓಡಿಸುವಾಗ ಹಲ್ಲು ಕಚ್ಚಿ ಹಿಡಿದಿದ್ದೇನೆಯೇ ಎಂದು ಒಮ್ಮೆ ಗಮನಿಸಿ. ಸಂಜೆಯ ನಂತರ ಕಾಫಿ ಕಡಿಮೆ ಮಾಡಿ. ಮನಸ್ಸಿನ ಭಾರವನ್ನು ಮನೆಯವರೊಡನೆ ಹಂಚಿಕೊಳ್ಳಿ, ಅಗತ್ಯವಿದ್ದರೆ ಮನೋವೈದ್ಯರನ್ನು ಕಾಣಿ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಪ್ರಶ್ನೆ: ಕ್ಯಾಪ್ ಹಾಕಿಸಿದವರೆಲ್ಲ ಸ್ಪ್ಲಿಂಟ್ ಹಾಕಬೇಕೇ?
ಉತ್ತರ: ಬೇಡ. ಹಲ್ಲು ಕಡಿಯುವ ಗುರುತು ಇದ್ದವರಿಗೆ ಮತ್ತು ಅನೇಕ ಕ್ಯಾಪ್ ಅಥವಾ ಇಂಪ್ಲಾಂಟ್ ಇದ್ದು ಅಪಾಯ ಹೆಚ್ಚೆಂದು ವೈದ್ಯರಿಗೆ ಕಂಡವರಿಗೆ ಮಾತ್ರ.

ಪ್ರಶ್ನೆ: ಎಷ್ಟು ವರ್ಷ ಬಾಳುತ್ತದೆ?
ಉತ್ತರ: ಎಷ್ಟು ಜೋರಾಗಿ ಕಡಿಯುತ್ತೀರಿ ಎಂಬುದರ ಮೇಲಿದೆ. ತಟ್ಟೆಯಲ್ಲಿ ತೂತು ಅಥವಾ ಬಿರುಕು ಕಂಡರೆ ಬದಲಿಸಬೇಕು. ಅದು ಸವೆದಿದ್ದರೆ ಅಷ್ಟು ಪೆಟ್ಟು ಹಲ್ಲಿಗೆ ತಪ್ಪಿತು ಎಂದು ತಿಳಿಯಿರಿ.

ಪ್ರಶ್ನೆ: ರಾತ್ರಿ ನನಗೆ ತಿಳಿಯದೆ ತೆಗೆದು ಪಕ್ಕಕ್ಕಿಡುತ್ತೇನೆ, ಏನು ಮಾಡಲಿ?
ಉತ್ತರ: ಮೊದಮೊದಲು ಹಲವರಿಗೆ ಹೀಗಾಗುತ್ತದೆ. ಸಂಜೆ ಎಚ್ಚರವಿರುವಾಗ ಸ್ವಲ್ಪ ಹೊತ್ತು ಹಾಕಿ ರೂಢಿ ಮಾಡಿಕೊಳ್ಳಿ. ಆಗಲೂ ನಿಲ್ಲದಿದ್ದರೆ ಎಲ್ಲೋ ಒತ್ತುತ್ತಿರಬಹುದು, ತೋರಿಸಿ.

ಕೊನೆಯದಾಗಿ

ಶರಣರು ದೇಹವನ್ನು ದೇವರ ಮನೆಯೆಂದು ಕಂಡರು. ಆ ಮನೆಯ ಬಾಗಿಲು ಬಾಯಿ. ಚಿಕಿತ್ಸೆ ಮಾಡುವುದು ವೈದ್ಯರ ಕಾಯಕ, ಮಾಡಿದ್ದನ್ನು ಕಾಪಾಡಿಕೊಳ್ಳುವುದು ನಿಮ್ಮ ಕಾಯಕ. ಆಲೆಟ್ಟಿಯ ಕೃಷಿಕರ ಉದಾಹರಣೆಯನ್ನು ನೆನಪಿಡಿ. ಅವರಿಗೆ ಬೇಕಾಗಿದ್ದದ್ದು ಇನ್ನೂ ದುಬಾರಿ ಕ್ಯಾಪ್ ಅಲ್ಲ. ಅವರು ಹಲ್ಲು ಕಡಿಯುತ್ತಾರೆ ಎಂಬ ಒಂದು ಮಾತು ಮೊದಲೇ ವೈದ್ಯರ ಕಿವಿಗೆ ಬೀಳಬೇಕಿತ್ತು. ನಿಮಗೂ ಅಂಥ ಅನುಮಾನವಿದ್ದರೆ ಕ್ಯಾಪಿಗೆ ಅಳತೆ ಕೊಡುವ ಮೊದಲೇ ತಿಳಿಸಿ. ಈ ಹಾಳೆಯನ್ನು ಮನೆಗೆ ಒಯ್ದು, ಓದಲು ಬಾರದ ಹಿರಿಯರಿಗೆ ಓದಿ ಹೇಳಿ.